ಕ್ಯಾನ್ಸರ್ ಗಡ್ಡೆಯ ಹುಳಿ ಎಲ್ಲಿಂದ ಬರುತ್ತದೆ?



ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಒಂದು ಕರಪತ್ರವನ್ನು ಮೇಜಿನ ಮೇಲಿಟ್ಟರು. ಕ್ಯಾನ್ಸರಿಗೆ ಮೂಲ ಮೈಯ ಹುಳಿ, ದಿನಕ್ಕೆ ಮೂರು ಹೊತ್ತು ಅಡಿಗೆ ಸೋಡಾ ಕದಡಿದ ನೀರು ಕುಡಿದರೆ ರಕ್ತ ಕ್ಷಾರವಾಗಿ ಗಡ್ಡೆ ಕರಗುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಅವರ ಅಣ್ಣನವರಿಗೆ ಕೆನ್ನೆಯ ಒಳಗೆ ಹುಣ್ಣಾಗಿ, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ತಿಳಿದಿತ್ತು. ಆಪರೇಷನ್ನಿಗೆ ಹೆದರಿ ಅವರು ಎರಡು ತಿಂಗಳು ಇದನ್ನೇ ಕುಡಿದಿದ್ದರು. "ಸೆಕ್ರೆಟರಿಗಳೇ, ಹುಳಿ ಮಣ್ಣಿಗೆ ನಾವು ಸುಣ್ಣ ಹಾಕುವುದಿಲ್ಲವೇ? ಇದೂ ಹಾಗೆಯೇ ಅಲ್ಲವೇ?" ಎಂದು ಸದಸ್ಯರು ಕೇಳಿದರು.

ಪ್ರಶ್ನೆ ದಡ್ಡತನದ್ದಲ್ಲ. ಕರಪತ್ರದಲ್ಲಿ ಅರ್ಧ ನಿಜವಿದೆ, ತೊಂದರೆ ಇರುವುದೂ ಅಲ್ಲಿಯೇ. ನಾವು ವೈದ್ಯರಲ್ಲ. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಆ ಬಲದಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರ ಎಂಬ ಅಂಕಿಯನ್ನು ಎಲ್ಲರೂ ನೋಡಿದ್ದೀರಿ. ಅದು ಒಂದು ಅಂಕ ಇಳಿದರೆ ಹುಳಿ 10 ಪಟ್ಟು ಏರಿತೆಂದು ಲೆಕ್ಕ. ನಮ್ಮ ರಕ್ತದ ರಸಸಾರ 7.4ರ ಆಸುಪಾಸಿನಲ್ಲಿರುತ್ತದೆ. ಗಡ್ಡೆಯ ಜೀವಕೋಶಗಳ ಸುತ್ತಲಿನ ದ್ರವದಲ್ಲಿ ಅದು 6.5ರಿಂದ 6.9ರವರೆಗೆ ಇಳಿದಿರುವುದುಂಟು. 6.7 ಎಂದರೆ ರಕ್ತಕ್ಕಿಂತ ಸುಮಾರು 5 ಪಟ್ಟು ಹುಳಿ. ವಿಚಿತ್ರವೆಂದರೆ ಅದೇ ಜೀವಕೋಶದ ಒಳಗೆ ಹುಳಿಯಿಲ್ಲ. ಅಲ್ಲಿ ರಸಸಾರ 7.2 ಅಥವಾ ಅದಕ್ಕೂ ಮೇಲೆ. ತನ್ನ ಮನೆಯನ್ನು ಚೊಕ್ಕಟವಾಗಿಟ್ಟುಕೊಂಡು ಕಸವನ್ನೆಲ್ಲ ನೆರೆಯವನ ಅಂಗಳಕ್ಕೆ ಎಸೆಯುವವರ ಹಾಗೆ.

ಈ ಹುಳಿ ನಾವು ತಿಂದ ಮಾವಿನಕಾಯಿಯಿಂದ ಬಂದದ್ದಲ್ಲ. ಕ್ಯಾನ್ಸರ್ ಕೋಶ ಸಕ್ಕರೆಯನ್ನು ಅತಿಯಾಗಿ ಬಳಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆಂದು ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲಿಯೇ ತೋರಿಸಿದರು. ಅದರ ಜೊತೆಗೆ ಇಂಗಾಲದ ಡೈ ಆಕ್ಸೈಡ್ ಅನಿಲವೂ ಹೊರಬರುತ್ತದೆ. ಅದನ್ನು ನೀರಿನೊಡನೆ ಕೂಡಿಸಿ ಆಮ್ಲದ ಕಣ ಮತ್ತು ಬೈಕಾರ್ಬೊನೇಟ್ ಆಗಿ ಒಡೆಯುವ ಕಿಣ್ವವೊಂದಿದೆ. ಅದಕ್ಕೆ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂದು ಹೆಸರು. 1933ರಲ್ಲಿ ಗೊತ್ತಾದ ಈ ಕಿಣ್ವದ ನಡುವೆ ಒಂದು ಸತುವಿನ ಕಣ ಕುಳಿತಿರುತ್ತದೆ. ಮನುಷ್ಯನಲ್ಲಿ ಇದರ 15 ಬಗೆಗಳಿವೆ. ಎಲ್ಲಕ್ಕಿಂತ ಚುರುಕಾದವು ಸೆಕೆಂಡಿಗೆ ಸುಮಾರು 10 ಲಕ್ಷ ಅಣುಗಳನ್ನು ದಾಟಿಸಬಲ್ಲವು.

ನಮಗೆ ಬೇಕಾದುದು ಒಂಬತ್ತನೆಯದು. ಇದನ್ನು ಮೊದಲು ಗುರುತಿಸಿದವರು ಬ್ರಾಟಿಸ್ಲಾವಾ ನಗರದ ವಿಜ್ಞಾನಿಗಳಾದ ಸಿಲ್ವಿಯಾ ಪಾಸ್ಟೊರೆಕೊವಾ ಮತ್ತು ಯಾರೊಮಿರ್ ಪಾಸ್ಟೊರೆಕ್. ಆರೋಗ್ಯವಂತರಲ್ಲಿ ಇದು ಹೆಚ್ಚಾಗಿ ಜಠರದ ಒಳಪದರದಂಥ ಕೆಲವೇ ಕಡೆ ಇರುತ್ತದೆ. ಗಡ್ಡೆ ಬೆಳೆದು ಒಳಭಾಗಕ್ಕೆ ಆಮ್ಲಜನಕ ಸಾಲದಾದಾಗ, ಅಲ್ಲಿನ ಕೋಶಗಳು ಇದನ್ನು ಹೊರಮೈಯ ಮೇಲೆ ಹೇರಳವಾಗಿ ತಯಾರಿಸಿಕೊಳ್ಳುತ್ತವೆ. ಅಲ್ಲಿ ಹುಟ್ಟಿದ ಬೈಕಾರ್ಬೊನೇಟ್ ಒಳಕ್ಕೆ ಹೋಗಿ ಕೋಶವನ್ನು ಕಾಯುತ್ತದೆ, ಆಮ್ಲ ಹೊರಗೇ ಉಳಿಯುತ್ತದೆ. ಆ ಹುಳಿಯಲ್ಲಿ ಸುತ್ತಲಿನ ಅಂಗಾಂಶ ಸಡಿಲವಾಗುತ್ತದೆ, ರೋಗದೊಡನೆ ಕಾದಾಡುವ ಬಿಳಿ ರಕ್ತಕಣಗಳು ಸೊರಗುತ್ತವೆ, ಕೆಲವು ಔಷಧಗಳು ಕೋಶದೊಳಕ್ಕೆ ಹೋಗಲಾರದೆ ಹೋಗುತ್ತವೆ. ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿಯೂ ಈ ಕಿಣ್ವ ಕಂಡುಬಂದಿದೆ.

ಹಾಗಾದರೆ ಕಿಣ್ವವನ್ನೇ ತಡೆದರೆ? ಇದೇ ಇಂದಿನ ಸಂಶೋಧನೆಯ ದಾರಿ. ಕಿಣ್ವದ ಸತುವನ್ನು ಹಿಡಿದು ಕೆಲಸ ನಿಲ್ಲಿಸುವ ಅಸೆಟಝೋಲಮೈಡ್ ಎಂಬ ಮಾತ್ರೆ ಕಣ್ಣಿನ ಒತ್ತಡದ ಕಾಯಿಲೆಗೆ 1950ರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ಅದು ಗಡ್ಡೆಯದು, ಮೂತ್ರಪಿಂಡದ್ದು ಎಂದು ನೋಡದೆ ಬೇರೆ ಬೇರೆ ಬಗೆಗಳನ್ನೆಲ್ಲ ತಡೆಯುತ್ತದೆ. ಬೆರಳು ಜುಮ್ಮೆನ್ನುತ್ತದೆ. ಗೋಲಿ ಸೋಡಾ ಕೂಡ ಸಪ್ಪೆಯಾಗುತ್ತದಂತೆ! ಗಡ್ಡೆಯ ಬಗೆಯನ್ನು ಮಾತ್ರ ಹಿಡಿಯುವಂತೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ಲಾಡಿಯು ಸುಪುರಾನ್ ಅವರ ತಂಡ ಹೊಸ ಅಣುಗಳನ್ನು ಕಟ್ಟಿತು. ಅವುಗಳಲ್ಲಿ ಎಸ್‌ಎಲ್‌ಸಿ-0111 ಎಂಬುದು ಮುಂದೆ ಬಂದಿದೆ. ಕೆನಡಾದ ಶೌಕತ್ ದೇಧಾರ್ ಮತ್ತು ಸಂಗಡಿಗರು ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ಇಂಥ ಅಣುಗಳಿಂದ ಗಡ್ಡೆಯ ಬೆಳವಣಿಗೆ ಕುಗ್ಗಿದ್ದನ್ನು 2011ರಲ್ಲಿ ಪ್ರಕಟಿಸಿದರು. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯ ವರದಿ 2020ರಲ್ಲಿ ಬಂತು. ಭಾಗವಹಿಸಿದವರು 17 ರೋಗಿಗಳು ಮಾತ್ರ. ಅದು ಮೈ ತಡೆದುಕೊಳ್ಳುವ ಪ್ರಮಾಣ ಎಷ್ಟೆಂದು ನೋಡುವ ಪರೀಕ್ಷೆ, ರೋಗ ವಾಸಿಯಾಗುವುದೆಂಬುದಕ್ಕೆ ರುಜುವಾತಲ್ಲ. ಇದೇ ಕಿಣ್ವಕ್ಕೆ ಅಂಟಿಕೊಳ್ಳುವ ಜಿರೆಂಟಕ್ಸಿಮ್ಯಾಬ್ ಎಂಬ ಪ್ರತಿಕಾಯವನ್ನು ಆಪರೇಷನ್ ಆದ 864 ಮೂತ್ರಪಿಂಡ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ನೋಡಿದರು. ಹುಸಿ ಮದ್ದು ಪಡೆದವರಿಗಿಂತ ಮದ್ದು ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ಪಟ್ಟಣದ ಔಷಧದ ಅಂಗಡಿಯಲ್ಲಿ ಕೇಳುವಂಥ ಮದ್ದು ಇನ್ನೂ ಆಗಿಲ್ಲ.

ಈಗ ಸೋಡಾದ ಮಾತು. 2009ರಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ಸೋಡಾ ನೀರು ಕುಡಿಸಿದಾಗ ಕ್ಯಾನ್ಸರ್ ಬೇರೆಡೆಗೆ ಹರಡುವುದು ಕಡಿಮೆಯಾದದ್ದು ನಿಜ. ಮನುಷ್ಯರಲ್ಲಿ ಪ್ರಯತ್ನಿಸಿದಾಗ ಅಷ್ಟು ಸೋಡಾವನ್ನು ದಿನವೂ ಕುಡಿಯಲು ರೋಗಿಗಳಿಂದ ಆಗಲಿಲ್ಲ. ತೋಟಕ್ಕೆ ಹಾಕಿದ ಸುಣ್ಣ ಮಣ್ಣಿನಲ್ಲಿಯೇ ಉಳಿದು ಕೆಲಸ ಮಾಡುತ್ತದೆ. ರಕ್ತದ ಕಥೆ ಬೇರೆ: ಹೆಚ್ಚಾದ ಕ್ಷಾರವನ್ನು ಮೂತ್ರಪಿಂಡ ಹೊರಹಾಕಿ 7.4ಕ್ಕೇ ತಂದು ನಿಲ್ಲಿಸುತ್ತದೆ. ಅದನ್ನೂ ಮೀರಿ ಕುಡಿದರೆ ವಾಂತಿ, ರಕ್ತದೊತ್ತಡ, ಹೃದಯದ ಬಡಿತದಲ್ಲಿ ಏರುಪೇರು.

ಅಡಿಕೆ ಬೆಳೆಯುವ ನಮಗೆ ಬರೆಯಲು ಮುಜುಗರವಾಗುವ ಮಾತೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊರತಂದ ಸಂಪುಟದಲ್ಲಿ, ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಇದನ್ನು ಒಪ್ಪದವರು ನಮ್ಮ ಸಂಘದಲ್ಲಿಯೇ ಇದ್ದಾರೆ, ಸಭೆಯಲ್ಲಿ ವಾದವೂ ಆಗಿದೆ. ವಾದ ಏನೇ ಇರಲಿ, ಬಾಯಿಯಲ್ಲಿ ಬಿಳಿ ಮಚ್ಚೆಯಿದ್ದರೆ, ಎರಡು ಮೂರು ವಾರವಾದರೂ ಹುಣ್ಣು ಮಾಯದಿದ್ದರೆ, ಮೊದಲಿನಂತೆ ಬಾಯಿ ತೆರೆಯಲಾಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಚಿಕ್ಕದಿರುವಾಗ ತೆಗೆದ ಗಡ್ಡೆಗೂ ಕುತ್ತಿಗೆಗೆ ಇಳಿದ ಮೇಲೆ ತೆಗೆದ ಗಡ್ಡೆಗೂ ಬಹಳ ವ್ಯತ್ಯಾಸವಿದೆ.

ಆ ಸದಸ್ಯರ ಅಣ್ಣನವರಿಗೆ ಕೊನೆಗೂ ಆಪರೇಷನ್ ಆಯಿತು, ವಿಕಿರಣ ಚಿಕಿತ್ಸೆಯೂ ಮುಗಿದಿದೆ. ಈಗ ಗಂಜಿ, ಮೆತ್ತಗಿನ ಅನ್ನ ಉಣ್ಣುತ್ತಾರೆ. ಆ ಎರಡು ತಿಂಗಳಲ್ಲಿ ಗಡ್ಡೆ ಕುತ್ತಿಗೆಯ ಗ್ರಂಥಿಗೆ ಇಳಿದಿತ್ತೆಂದು ವೈದ್ಯರು ಹೇಳಿದರಂತೆ. ಕರಪತ್ರ ನಮ್ಮ ಕಚೇರಿಯ ಫೈಲಿನಲ್ಲಿದೆ, ಅಂಥದ್ದು ಮತ್ತೆ ಯಾರ ಕೈಗಾದರೂ ಬಂದರೆ ತಂದು ತೋರಿಸಬೇಕಾಗಿ ಕೋರಿಕೆ.