ಐರ್ಲೆಂಡಿನ ಜಾಝ್: ಸಣ್ಣ ಕೋಣೆಗಳ ದೊಡ್ಡ ಸಂಗೀತ

ಆಫ್ರಿಕನ್ ಅಮೆರಿಕನ್ ಸಮುದಾಯದಲ್ಲಿ ಹುಟ್ಟಿದ ಜಾಝ್, ಗೊತ್ತಾದ ಒಂದು ಹಾಡಿನ ಚೌಕಟ್ಟನ್ನು ಇಟ್ಟುಕೊಂಡು ಅದರೊಳಗೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತ ಹೋಗುವ, ಕರ್ನಾಟಕ ಸಂಗೀತದವರು ಮನೋಧರ್ಮ ಎನ್ನುವುದಕ್ಕೆ ಹತ್ತಿರವಾದ ಕಲೆ. ಜನಪದ ಸಂಗೀತಕ್ಕೆ ಹೆಸರಾದ ಐರ್ಲೆಂಡಿನಲ್ಲಿ ಅದು ಬೇರೂರಿದ್ದು ಮಾತ್ರ ಬಲವಾದ ವಿರೋಧದ ನಡುವೆ. 1934ರ ಜನವರಿ 1ರಂದು ಲೀಟ್ರಿಮ್ ಕೌಂಟಿಯ ಮೋಹಿಲ್ ಎಂಬ ಪುಟ್ಟ ಪಟ್ಟಣದಲ್ಲಿ, ಪೀಟರ್ ಕಾನ್‌ಫ್ರಿ ಎಂಬ ಕ್ಯಾಥೊಲಿಕ್ ಪಾದ್ರಿಯ ಮುಂದಾಳತ್ವದಲ್ಲಿ ಸಾವಿರಾರು ಜನ ಜಾಝ್‌ಗೆ ಧಿಕ್ಕಾರ ಕೂಗುತ್ತ ಮೆರವಣಿಗೆ ನಡೆಸಿದರು. ಐರಿಶ್ ಭಾಷೆ, ಸಂಸ್ಕೃತಿಗಳ ಉಳಿವಿಗಾಗಿ ದುಡಿಯುತ್ತಿದ್ದ ಗೇಲಿಕ್ ಲೀಗ್ ಸಂಸ್ಥೆಯೂ ಈ ಚಳವಳಿಯ ಬೆನ್ನಿಗಿತ್ತು. ಮರುವರ್ಷವೇ ಬಂದ ಕಾನೂನು, ಸಾರ್ವಜನಿಕ ನೃತ್ಯಕ್ಕೆ ನ್ಯಾಯಾಲಯದ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಆಗ ಹೊರನಾಡಿನ ಯಾವುದೇ ಕುಣಿತದ ಸಂಗೀತವನ್ನೂ ಜಾಝ್ ಎಂದೇ ಕರೆಯುತ್ತಿದ್ದುದರಿಂದ, ಆ ಸಿಟ್ಟು ಜಾಝನ್ನು ಕೇಳಿ ಹುಟ್ಟಿದ್ದಲ್ಲ, ಹೊಸದಾಗಿ ಸ್ವತಂತ್ರವಾದ ನಾಡೊಂದು ತನ್ನತನವನ್ನು ಕಳೆದುಕೊಳ್ಳುವ ಅಂಜಿಕೆಯಿಂದ ಹುಟ್ಟಿದ್ದು ಎಂದು ತಿಳಿಯುವುದೇ ಸರಿ.

ಐರಿಶ್ ಜಾಝ್‌ನ ಅತಿ ದೊಡ್ಡ ಹೆಸರು ಗಿಟಾರ್ ವಾದಕ ಲೂಯಿಸ್ ಸ್ಟೂವರ್ಟ್ ಅವರದು. 1944ರಲ್ಲಿ ವಾಟರ್‌ಫರ್ಡ್‌ನಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಬೆಳೆದ ಅವರು, ಅಂದಿನ ಅನೇಕ ವಾದಕರಂತೆ ಊರೂರಿನ ನೃತ್ಯಶಾಲೆಗಳಲ್ಲಿ ಜನಪ್ರಿಯ ಹಾಡುಗಳನ್ನು ನುಡಿಸುವ ಷೋಬ್ಯಾಂಡ್ ಎಂಬ ತಂಡಗಳಲ್ಲಿ ದುಡಿದು, 1968ರಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಪತ್ರಿಕಾ ಪ್ರಶಸ್ತಿ ಪಡೆದರು. ಅಮೆರಿಕದ ಬರ್ಕ್ಲಿ ಸಂಗೀತ ಶಾಲೆಯ ವಿದ್ಯಾರ್ಥಿವೇತನ ಒದಗಿದರೂ ಅಲ್ಲಿಗೆ ಹೋಗದೆ ಹೆಸರಾಂತ ಜಾಝ್ ವಾದಕರಾದ ಟಬ್ಬಿ ಹೇಯ್ಸ್, ರಾನಿ ಸ್ಕಾಟ್ ಅವರೊಡನೆ ಲಂಡನ್ನಿನಲ್ಲಿಯೂ, ಅಲ್ಲದೆ ಬೆನ್ನಿ ಗುಡ್‌ಮನ್, ಜಾರ್ಜ್ ಶಿಯರಿಂಗ್ ಅವರೊಡನೆಯೂ ನುಡಿಸಿದರು. ಆದರೆ ಅವರ ಪ್ರತಿಭೆಯ ಪೂರ್ಣ ಅಳತೆ ಸಿಗುವುದು, ಡಬ್ಲಿನ್ನಿನ ಲಿವಿಯಾ ಎಂಬ ಸಣ್ಣ ಕಂಪನಿ ಹೊರತಂದ ‘ಔಟ್ ಆನ್ ಹಿಸ್ ಓನ್’ ಧ್ವನಿಮುದ್ರಿಕೆಯಲ್ಲಿ: ಸಹವಾದಕರಿಲ್ಲದ ಇಲ್ಲಿ ರಾಗ, ಸ್ವರಮೇಳ, ಲಯ ಮೂರರ ಹೊಣೆಯೂ ಗಿಟಾರಿನದೇ ಆಗಿ, ವೇಗದ ನಡುವೆಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಮಿನುಗುತ್ತದೆ. 1998ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2016ರಲ್ಲಿ ಅವರು ತೀರಿಕೊಂಡರು.

1978ರಿಂದ ಪ್ರತಿ ಅಕ್ಟೋಬರ್ ಕೊನೆಯಲ್ಲಿ ನಡೆಯುವ, ಐರ್ಲೆಂಡಿನ ಕಾರ್ಕ್ ನಗರದ ಜಾಝ್ ಉತ್ಸವ ದೇಶದೇಶಗಳ ಕೇಳುಗರನ್ನು ಸೆಳೆಯುತ್ತದೆ. ವರ್ಷವಿಡೀ ಈ ಕಲೆಯನ್ನು ಸಾಕಿದ್ದು ಮಾತ್ರ ಸಣ್ಣ ಕೋಣೆಗಳು. ಡಬ್ಲಿನ್ನಿನ ಆಂಜಿಯರ್ ಬೀದಿಯಲ್ಲಿ, ಕವಿ ಥಾಮಸ್ ಮೂರ್ ಹುಟ್ಟಿದ ಜಾಗದಲ್ಲೇ ಇದ್ದ ಜೆ.ಜೆ. ಸ್ಮಿತ್ಸ್ ಪಬ್ಬಿನ ಮಾಳಿಗೆ ಅಂಥದೊಂದು. ವಾದಕನ ಉಸಿರೂ ಕೇಳುವಷ್ಟು ಹತ್ತಿರದಲ್ಲಿ ಕೂರುವ ಅಂಥ ಕಡೆಯೇ ಮನೋಧರ್ಮದ ಸಂಗೀತಕ್ಕೆ ಹೆಚ್ಚು ಒಗ್ಗುತ್ತದೆ. 1991ರಲ್ಲಿ ಆರಂಭವಾದ ಇಂಪ್ರೊವೈಸ್ಡ್ ಮ್ಯೂಸಿಕ್ ಕಂಪನಿ ಕಛೇರಿಗಳ ಏರ್ಪಾಡಿಗೊಂದು ಸ್ಥಿರತೆ ತಂದಿತು.

ಕೇಳಿ ಕಲಿಯುವುದಷ್ಟೇ ದಾರಿಯಾಗಿದ್ದ ನಾಡಿನಲ್ಲಿ ಜಾಝ್‌ಗೆ ಕ್ರಮಬದ್ಧ ಪಾಠವನ್ನು ತಂದವರು ಬೇಸ್ ಗಿಟಾರ್ ವಾದಕ, ರಚನಕಾರ ರೋನನ್ ಗಿಲ್‌ಫಾಯ್ಲ್. ಡಬ್ಲಿನ್ನಿನ ನ್ಯೂಪಾರ್ಕ್ ಸಂಗೀತ ಕೇಂದ್ರದಲ್ಲಿ ಅವರು ಕಟ್ಟಿದ ಜಾಝ್ ವಿಭಾಗವು ಪದವಿ ಶಿಕ್ಷಣದ ಮಟ್ಟಕ್ಕೆ ಬೆಳೆದು, ಮುಂದೆ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯಕ್ಕೆ ಸೇರಿತು. ಲಯದ ಲೆಕ್ಕಾಚಾರದಲ್ಲಿ ಆಳವಾದ ಆಸಕ್ತಿಯುಳ್ಳ ಅವರು ದಕ್ಷಿಣ ಭಾರತದ ತಾಳಪದ್ಧತಿಯನ್ನೂ ಅಭ್ಯಾಸ ಮಾಡಿದವರು. ಐದಕ್ಷರದ ಜಾತಿಗೆ ನಮ್ಮವರು ಹೇಳುವ ‘ಖಂಡ’ ಎಂಬ ಹೆಸರನ್ನೇ ಅವರು ತಮ್ಮ ತಂಡವೊಂದಕ್ಕೆ ಇಟ್ಟರು. ಆ ತಂಡದಲ್ಲಿ ಜಾಝ್ ಗಿಟಾರಿನ ಪಕ್ಕದಲ್ಲೇ, ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಐರಿಶ್ ಜನಪದ ವಾದ್ಯ ಇಲಿನ್ ಪೈಪ್ ಕೂಡ ಇತ್ತು.