ಬಾಂಡ್ಲಿಗೆ ಬಿದ್ದ ತುಳಸಿ

ಒಲೆ ಆರಿಸಿದ ಮೇಲೆ ಎಲೆ ಹಾಕಬೇಕು. ಅದೂ ಒಂದೆರಡು ದಳ ಸಾಲದು, ಬೊಗಸೆ ತುಂಬಾ ಬೇಕು. ಹೊಗೆಯಾಡುವ ಬಾಂಡ್ಲಿಯಲ್ಲಿ ಕೊಚ್ಚಿದ ಕೋಳಿ, ಬೆಳ್ಳುಳ್ಳಿ, ಮೆಣಸು ಇನ್ನೂ ಚಟಪಟ ಅನ್ನುತ್ತಿರುವಾಗಲೇ ಆ ಹಸಿರು ರಾಶಿಯನ್ನು ಸುರಿದು ಒಮ್ಮೆ ಮಗುಚಿ, ಇನ್ನೊಮ್ಮೆ ಮಗುಚಿ, ಅಷ್ಟೇ! ಎಲೆ ಸೊರಗುವಷ್ಟರಲ್ಲಿ ಅಡುಗೆಮನೆಯ ಗಾಳಿಯೇ ಬೇರೆಯಾಗಿಬಿಡುತ್ತದೆ. ಲವಂಗದ ಘಮ, ಕಾಳುಮೆಣಸಿನ ಚುರುಕು, ಅದರ ಹಿಂದೆಯೇ ನಮಗೆಲ್ಲ ಬಾಲ್ಯದಿಂದ ಗೊತ್ತಿರುವ ಇನ್ನೇನೋ ಒಂದು. ಎಲ್ಲಿಯದು ಇದು? ದೇವಸ್ಥಾನದ ತೀರ್ಥದ್ದೇ? ಜ್ವರ ಬಂದಾಗ ಅಜ್ಜಿ ಕುದಿಸಿಕೊಟ್ಟ ಕಷಾಯದ್ದೇ?

ಎರಡೂ ಸರಿ. ಅದು ತುಳಸಿ!

ಥಾಯ್ಲೆಂಡಿನಲ್ಲಿ ಈ ಅಡುಗೆಯ ಹೆಸರು ಪಾಡ್ ಕ್ರಪಾವ್ ಗಾಯ್. ಬ್ಯಾಂಕಾಕಿನ ಓಣಿಯ ಪುಟ್ಟ ಅಂಗಡಿಗಳಲ್ಲಿ, ಏನು ತಿನ್ನುವುದೆಂದೇ ಹೊಳೆಯದೆ ನಿಂತ ಗಿರಾಕಿಯ ಬಾಯಿಗೆ ತಾನಾಗಿ ಬರುವ ಆರ್ಡರ್ ಇದು. ನಮ್ಮೂರ ಮೆನು ಕಾರ್ಡುಗಳಲ್ಲಿ ‘ಥಾಯ್ ಬೇಸಿಲ್ ಚಿಕನ್’ ಎಂದು ಕಂಡಾಗ ಅದೇನೋ ಪರದೇಶದ ಸೊಪ್ಪು ಅಂದುಕೊಂಡು ಮುಂದಿನ ಸಾಲಿಗೆ ಹೋಗುತ್ತೇವೆ. ಆದರೆ ಅಲ್ಲಿಯವರು ಕ್ರಪಾವ್ ಎನ್ನುವ ಗಿಡ ಸಸ್ಯಶಾಸ್ತ್ರದಲ್ಲಿ ಓಸಿಮಮ್ ಟೆನುಯಿಫ್ಲೋರಮ್. ನಮ್ಮ ತುಳಸಿಕಟ್ಟೆಯ ಮೇಲಿರುವುದೂ ಓಸಿಮಮ್ ಟೆನುಯಿಫ್ಲೋರಮ್! ನಾವು ಸುತ್ತು ಬಂದು ಕೈಮುಗಿಯುವ ಗಿಡವನ್ನು ಅವರು ಕಟ್ಟುಗಟ್ಟಲೆ ಸಂತೆಯಿಂದ ತರುತ್ತಾರೆ, ಮೆಂತ್ಯ ಸೊಪ್ಪಿನ ಹಾಗೆ ಬಿಡಿಸುತ್ತಾರೆ.

ಇಲ್ಲೊಂದು ಗೊಂದಲವಿದೆ, ಅದು ಬಿಡಿಸಿದಷ್ಟೂ ಸೊಗಸು. ಥಾಯ್ ಅಡುಗೆಯಲ್ಲಿ ಈ ಕುಟುಂಬದ ಮೂರು ಎಲೆಗಳಿವೆ. ಕ್ರಪಾವ್ ನಮ್ಮ ತುಳಸಿ. ನೇರಳೆ ದಂಟಿನ, ಸೋಂಪಿನ ವಾಸನೆಯ ಹೊರಾಪಾ ಎಂಬುದು ಹಸಿರು ಕರ್ರಿಗೆ ಬೀಳುವಂಥದ್ದು; ಸೂಪರ್ ಮಾರ್ಕೆಟ್ಟಿನಲ್ಲಿ ಥಾಯ್ ಬೇಸಿಲ್ ಎಂಬ ಚೀಟಿ ಹೊತ್ತು ಕೂತಿರುವುದು ಸಾಮಾನ್ಯವಾಗಿ ಇದೇ. ಮೂರನೆಯದು ನಿಂಬೆಯ ಪರಿಮಳದ ಮೆಂಗ್ಲಕ್. ಹೊರಾಪಾಗೆ ನಮ್ಮಲ್ಲಿ ಹತ್ತಿರದ ನೆಂಟ ಕಾಮಕಸ್ತೂರಿ, ಬೀಜ ನೆನೆಸಿದರೆ ಲೋಳೆ ಲೋಳೆಯಾಗಿ ಉಬ್ಬಿ ಶರಬತ್ತಿಗೂ ಫಾಲೂದಾಕ್ಕೂ ಹೋಗುತ್ತದಲ್ಲ, ಅದೇ. ಆದ್ದರಿಂದ ಸೂಪರ್ ಮಾರ್ಕೆಟ್ಟಿನ ಎಲೆ ತಂದು ಮಾಡಿದರೆ ರುಚಿಯಾದ ಅಡುಗೆಯೇ ಆಗುತ್ತದೆ, ಪಾಡ್ ಕ್ರಪಾವ್ ಮಾತ್ರ ಆಗುವುದಿಲ್ಲ.

ಇನ್ನೊಂದು ಬೆರಗು ಕೇಳಿ. ತುಳಸಿ ಗಿಡದ ಜೀನೋಮನ್ನು ಓದಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ವಿಜ್ಞಾನಿಗಳು ಕೃಷ್ಣ ತುಳಸಿಯ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಎಲೆಯೊಳಗೆ ಔಷಧದ ಗುಣವುಳ್ಳ ಅಣುಗಳು ತಯಾರಾಗುವುದು ಯಾವ ಜೀನ್‌ಗಳಿಂದ ಎಂಬುದು ಅವರ ಹುಡುಕಾಟ. ಅಂಥ ಅಣುಗಳಲ್ಲಿ ಒಂದು ಯೂಜೆನಾಲ್. ಲವಂಗಕ್ಕೆ ಲವಂಗದ ವಾಸನೆ ಕೊಡುವುದೂ ಅದೇ. ಬಾಂಡ್ಲಿಯಿಂದ ಲವಂಗದ ಘಮ ಏಕೆ ಎದ್ದಿತು ಎಂಬುದಕ್ಕೆ ಉತ್ತರ ಅಲ್ಲಿದೆ!

ಯೂಜೆನಾಲ್‌ನ ಇನ್ನೊಂದು ಕೆಲಸ ನೋಡಿ. ಹಲ್ಲುನೋವಿಗೆ ಲವಂಗದೆಣ್ಣೆಯ ಹತ್ತಿ ಇಡುತ್ತೇವೆ, ಒಸಡು ಮರಗಟ್ಟುತ್ತದೆ. ಮರಗಟ್ಟಿಸುವುದು ಇದೇ ಅಣು. ಮೆಣಸಿನ ಕ್ಯಾಪ್ಸೈಸಿನ್ ಮಾಡುವುದು ಇದರ ತದ್ವಿರುದ್ಧ ಕೆಲಸ. ನಾಲಿಗೆಯ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಬಾಗಿಲಿದೆ, ಸುಡುವ ಬಿಸಿ ತಗುಲಿದರೆ ತೆರೆದುಕೊಳ್ಳುವಂಥದ್ದು. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ಕಳ್ಳಕೀಲಿಯಿಂದ ತೆಗೆದು, ಬೆಂಕಿಯೇ ಇಲ್ಲದ ಕಡೆ ಬೆಂಕಿ ಬಿತ್ತು ಎಂದು ಮಿದುಳಿಗೆ ಕೂಗಿ ಹೇಳುತ್ತದೆ. 1997ರಲ್ಲಿ ಈ ಬಾಗಿಲನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಈಗ ಒಂದು ತುತ್ತು ಪಾಡ್ ಕ್ರಪಾವ್ ಬಾಯಿಗಿಡಿ. ಒಂದು ಅಣು ನಾಲಿಗೆಗೆ ಬೆಂಕಿ ಹಚ್ಚುತ್ತದೆ, ಇನ್ನೊಂದು ಜೋಮು ಹಿಡಿಸುತ್ತದೆ. ಅಯ್ಯೋ ಖಾರ ಎನ್ನುತ್ತಲೇ ಮುಂದಿನ ತುತ್ತಿಗೆ ಕೈ ಹೋಗುತ್ತದೆ!

ಆದರೆ ಕಟ್ಟೆಯ ಮೇಲಿನ ಗಿಡಕ್ಕೆ ಕೈಹಚ್ಚಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಪೂಜೆಯ ತುಳಸಿ ಪೂಜೆಗಿರಲಿ, ಅಡುಗೆಗೆ ಬಾಲ್ಕನಿಯಲ್ಲಿ ಬೇರೆ ಕುಂಡ ಇಡಿ. ಸೊಪ್ಪೆಂದರೆ ತಂಬುಳಿ ಎನ್ನುವ ಮಲೆನಾಡಿನವರಿಗೆ ತುಳಸಿಯ ತಂಬುಳಿಯೂ ಗೊತ್ತಿರುವುದರಿಂದ ಎಲೆ ಅಡುಗೆಮನೆಗೆ ಪೂರಾ ಹೊಸದಲ್ಲ. ಆದರೂ ಮಾಂಸದ ಜೊತೆ ತುಳಸಿ ಎಂದರೆ ಮನಸ್ಸು ಒಪ್ಪದಿದ್ದರೆ ಬಲವಂತವಿಲ್ಲ, ಕಾಮಕಸ್ತೂರಿ ಇದೆ. ನಮ್ಮ ಕೃಷ್ಣ ತುಳಸಿ ಥಾಯ್ ತಳಿಗಿಂತ ಒರಟು, ಅದರಲ್ಲಿ ಔಷಧದ ವಾಸನೆ ಮುಂದು. ಕುಡಿ ಎಲೆಗಳನ್ನಷ್ಟೇ ಆರಿಸಿಕೊಂಡು ಸ್ವಲ್ಪ ಕಡಿಮೆ ಹಾಕಿದರೆ ಸರಿಹೋಗುತ್ತದೆ. ಬಿಳಿ ತುಳಸಿ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಒಲೆಯ ಹತ್ತಿರ ಬನ್ನಿ. ಇಬ್ಬರಿಗೆ ಕಾಲು ಕೆಜಿ ಕೋಳಿ ಸಾಕು. ತೊಡೆಯ ಭಾಗವನ್ನೇ ಕೇಳಿ ಮೂಳೆ ತೆಗೆಸಿ, ಮನೆಗೆ ತಂದು ಕತ್ತಿಯಲ್ಲಿ ನೀವೇ ಕೊಚ್ಚಿ. ಮಿಷನ್ ಕೀಮಾ ನುಣ್ಣಗಾಗಿ ಅಂಟಂಟಾಗುತ್ತದೆ. ಕೈಯಲ್ಲಿ ಕೊಚ್ಚಿದ್ದರಲ್ಲಿ ದಪ್ಪ ಸಣ್ಣ ಚೂರುಗಳಿದ್ದು ಅಲ್ಲಲ್ಲಿ ಕೆಂಪಗೆ ಹುರಿಯುತ್ತವೆ. ಆರೇಳು ಎಸಳು ಬೆಳ್ಳುಳ್ಳಿ, ಎಂಟು ಹತ್ತು ಪುಟ್ಟ ಮೆಣಸು. ಮಲೆನಾಡಿನ ಜೀರಿಗೆ ಮೆಣಸೋ ಸೂಜಿ ಮೆಣಸೋ ಸಿಕ್ಕರೆ ಥಾಯ್ ಮೆಣಸನ್ನು ಹುಡುಕಿಕೊಂಡು ಅಲೆಯಬೇಡಿ. ಬೆಳ್ಳುಳ್ಳಿ ಮೆಣಸು ಎರಡನ್ನೂ ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಬೇಕು, ಮಿಕ್ಸಿಯ ಆಸೆ ಬಿಡಿ. ಬೆಳ್ಳುಳ್ಳಿಯ ಜೀವಕೋಶ ಒಡೆದಾಗಲೇ ಅದರೊಳಗಿನ ಕಿಣ್ವಕ್ಕೆ ಕೆಲಸ ಸಿಕ್ಕಿ ಆ ಚುರುಕು ವಾಸನೆ ಹುಟ್ಟುವುದು.

ಮೆಣಸು! ಇದು ಅಮೆರಿಕದ ಗಿಡ. ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿದದ್ದು 1510ರಲ್ಲಿ. ಮರುವರ್ಷವೇ ಮಲಕ್ಕಾದಿಂದ ಅವನ ದೂತ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ರಾಜಧಾನಿ ಅಯುತ್ಥಯಾಕ್ಕೆ ಹೋದ. ನಮಗೂ ಅವರಿಗೂ ಈ ಖಾರ ಬಂದದ್ದು ಅದೇ ವ್ಯಾಪಾರಿಗಳ ದಾರಿಯಲ್ಲಿ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಬಾಂಡ್ಲಿ ಮತ್ತು ಜೋರು ಉರಿಯಲ್ಲಿ ಮಗುಚುವ ಕಲೆ ಥಾಯ್ಲೆಂಡಿಗೆ ಬಂದದ್ದು ಚೀನೀ ವಲಸಿಗರಿಂದ.

ಕಿಟಕಿ ತೆಗೆದಿಡಿ. ಜಜ್ಜಿದ ಮೆಣಸು ಕಾದ ಎಣ್ಣೆಗೆ ಬಿದ್ದೊಡನೆ ಏಳುವ ಘಾಟನ್ನು ಹಗುರವಾಗಿ ನೋಡುವಂತಿಲ್ಲ. 2007ರ ಅಕ್ಟೋಬರಿನಲ್ಲಿ ಲಂಡನ್ನಿನ ಸೋಹೊದ ಒಂದು ಥಾಯ್ ಹೋಟೆಲಿನಲ್ಲಿ ಚಟ್ನಿಗೆಂದು ಒಣಮೆಣಸು ಹುರಿದರು. ಬೀದಿಯವರೆಲ್ಲ ಕೆಮ್ಮಿ ಕೆಮ್ಮಿ, ವಿಷಾನಿಲವೇ ಇರಬೇಕೆಂದು ಪೊಲೀಸರು ರಸ್ತೆ ಮುಚ್ಚಿದರು, ಅಗ್ನಿಶಾಮಕದವರು ಉಸಿರಾಟದ ಮುಖವಾಡ ತೊಟ್ಟು ಬಾಗಿಲು ಒಡೆದು ನುಗ್ಗಿದರು, ಹೊತ್ತು ತಂದದ್ದು ಒಂದು ಪಾತ್ರೆ ಮೆಣಸು! ಒಗ್ಗರಣೆಯ ಘಾಟಿಗೆ ನೆರೆಮನೆಯವರೂ ಸೀನುವ ನಾಡಿನವರು ನಾವು, ಅಷ್ಟು ಹೆದರುವುದಿಲ್ಲ.

ಸಾಸುಗಳನ್ನು ಒಂದು ಬಟ್ಟಲಲ್ಲಿ ಮೊದಲೇ ಕಲಸಿಡಿ, ಆಮೇಲೆ ಸೀಸೆಯ ಮುಚ್ಚಳ ತಿರುಗಿಸುತ್ತ ನಿಲ್ಲಲು ಪುರಸೊತ್ತಿರುವುದಿಲ್ಲ. ಮೀನಿನ ಸಾಸ್ ಒಂದು ದೊಡ್ಡ ಚಮಚ, ಆಯಿಸ್ಟರ್ ಸಾಸ್ ಒಂದು ದೊಡ್ಡ ಚಮಚ, ಸೋಯಾ ಸಾಸ್ ಒಂದು ಸಣ್ಣ ಚಮಚ, ಸಕ್ಕರೆ ಒಂದು ಸಣ್ಣ ಚಮಚ. ಮೀನಿನ ಸಾಸಿನ ಸೀಸೆ ತೆಗೆದು ಮೂಸಿದರೆ ಅಡುಗೆಯೇ ಬೇಡ ಅನ್ನಿಸಬಹುದು. ಪುಟ್ಟ ಆಂಚೊವಿ ಮೀನು ಮತ್ತು ಉಪ್ಪು, ಇವೆರಡೇ ವರ್ಷಗಟ್ಟಲೆ ಕೂತು ಸೋರಿದ ರಸವದು. ಒಣಮೀನಿನ ಚಟ್ನಿ ತಿಂದು ಬೆಳೆದ ಕರಾವಳಿಯವರು ಮಾತ್ರ ಮುಖ ಸಿಂಡರಿಸುವುದಿಲ್ಲ. ಕಾದ ಬಾಂಡ್ಲಿ ಮುಟ್ಟಿದ ಕ್ಷಣ ಆ ನಾತವೆಲ್ಲ ಹಾರಿ, ಗ್ಲುಟಮೇಟಿನ ಗಾಢ ರುಚಿಯೊಂದೇ ಉಳಿಯುತ್ತದೆ. ಆಯಿಸ್ಟರ್ ಸಾಸ್ ಹುಟ್ಟಿದ್ದು 1888ರಲ್ಲಿ, ಚೀನಾದ ಗ್ವಾಂಗ್‌ಡಾಂಗಿನಲ್ಲಿ. ಲೀ ಕುಮ್ ಶುಂಗ್ ಎಂಬಾತ ಒಲೆಯ ಮೇಲಿಟ್ಟ ಸಿಂಪಿಯ ಸಾರನ್ನು ಮರೆತ, ಅದು ಬತ್ತಿ ಕಪ್ಪು ಪಾಕವಾಯಿತು ಎಂಬುದು ಅವನ ಕಂಪನಿ ಹೇಳಿಕೊಂಡು ಬಂದ ಕಥೆ.

ಕೊನೆಗೆ ಕೋಳಿಯ ಮೇಲೆ ಕೂರುವ ಮೊಟ್ಟೆ ಮೊದಲು. ಇದನ್ನು ನಮ್ಮ ಆಮ್ಲೆಟ್ ತವಾದ ಮೇಲೆ ಮಾಡಲಾಗದು. ಬಾಂಡ್ಲಿಯಲ್ಲಿ ಧಾರಾಳ ಎಣ್ಣೆ ಕಾಯಿಸಿ ಮೊಟ್ಟೆ ಒಡೆದು ಹಾಕಿದರೆ ಬಿಳಿಭಾಗ ಭುಸ್ಸನೆ ಉಬ್ಬಿ, ಅಂಚೆಲ್ಲ ಕಂದು ಜರಿಯಾಗಿ ಗರಿಗರಿಯಾಗುತ್ತದೆ, ನಡುವಿನ ಹಳದಿ ಹಸಿಯಾಗಿಯೇ ಇರುತ್ತದೆ. ತೆಗೆದಿಡಿ. ಎರಡು ಚಮಚ ಎಣ್ಣೆ ಉಳಿಸಿ ಮಿಕ್ಕದ್ದನ್ನು ಬಗ್ಗಿಸಿ, ಹೊಗೆ ಕಾಣುವವರೆಗೆ ಕಾಯಿಸಿ.

ಇನ್ನು ಮೂರು ನಾಲ್ಕು ನಿಮಿಷ, ಫೋನ್ ಬಂದರೂ ಎತ್ತಬೇಡಿ. ಜಜ್ಜಿದ್ದನ್ನು ಹಾಕಿ, ಬೆಳ್ಳುಳ್ಳಿ ಬಣ್ಣ ತಿರುಗುವ ಮುನ್ನವೇ ಕೋಳಿ. ಹರಡಿ, ಅರೆಗಳಿಗೆ ಮುಟ್ಟದೆ ಬಿಡಿ, ತಳ ಕೆಂಪಾಗಲಿ, ಆಮೇಲೆ ಮಗುಚಿ. ಒಮ್ಮೆಗೇ ಒಂದು ಕೆಜಿ ಹಾಕುವ ಆಸೆ ಬೇಡ. ಬ್ಯಾಂಕಾಕಿನ ಬೀದಿಯ ಒಲೆಯ ಮುಂದೆ ನಮ್ಮ ಗ್ಯಾಸಿನ ಉರಿ ಮಕ್ಕಳಾಟ, ಕೋಳಿ ನೀರು ಬಿಟ್ಟು ಬೇಯತೊಡಗುತ್ತದೆ, ಹುರಿಯುವುದಿಲ್ಲ. ಹಸಿ ಚೂರು ಒಂದೂ ಉಳಿಯದಂತೆ ಪೂರ್ತಿ ಬೆಂದ ಮೇಲೆ ಬಟ್ಟಲಿನ ಸಾಸ್ ಸುರಿಯಿರಿ, ಸೊರ್ರ್ ಎಂದು ಅಂಟಿಕೊಳ್ಳಲಿ. ಒಲೆ ಆರಿಸಿ. ತುಳಸಿ! ಪರಿಮಳದ ಅಣುಗಳು ಆವಿಯೊಂದಿಗೆ ಹಾರಿಹೋಗುವಂಥವು, ಅದಕ್ಕೇ ಎಲೆಗೆ ಕೊನೆಯ ಸರದಿ.

ಅಲಸಂದೆ ಕಾಯಿ ಹಾಕಬಹುದೇ, ಈರುಳ್ಳಿ? ಈ ಪ್ರಶ್ನೆಗೆ ಥಾಯ್ಲೆಂಡಿನಲ್ಲಿ ಜಗಳವೇ ಆಗುತ್ತದೆ. ಎಳೆ ಅಲಸಂದೆಗೆ ನನ್ನ ಅಭ್ಯಂತರವಿಲ್ಲ. ದೊಣ್ಣೆಮೆಣಸಿನಕಾಯಿ ಮಾತ್ರ ಬೇಡವೇ ಬೇಡ, ಅದರ ನೀರು ಎಲ್ಲವನ್ನೂ ಕೆಡಿಸುತ್ತದೆ. ಮಾಂಸ ಬೇಡದವರು ಅಣಬೆಯನ್ನೋ ಹಿಂಡಿದ ತೋಫುವನ್ನೋ ಹೀಗೇ ಹುರಿದು, ಮೀನು ಸಿಂಪಿಗಳ ಬದಲು ಸೋಯಾ ಹೆಚ್ಚಿಸಿ ನೋಡಲಿ.

ಅನ್ನ ಜಾಸ್ಮಿನ್ ಅಕ್ಕಿಯದ್ದಾದರೆ ಹಬ್ಬ. ಥಾಯ್ಲೆಂಡ್ 1959ರಲ್ಲಿ ಬಿಡುಗಡೆ ಮಾಡಿದ ಈ ಅಕ್ಕಿಯ ಖಾವ್ ಡೋಕ್ ಮಾಲಿ 105 ತಳಿಯ ಪರಿಮಳದ ಅಣುವೇ ಬಾಸ್ಮತಿಯಲ್ಲೂ ಇದೆ. ಮೇಲೆ ಕೋಳಿ, ಅದರ ಮೇಲೆ ಮೊಟ್ಟೆ, ಪಕ್ಕದಲ್ಲಿ ಹೆಚ್ಚಿದ ಮೆಣಸು ನೆನೆದ ಮೀನಿನ ಸಾಸಿಗೆ ನಿಂಬೆರಸ ಹಿಂಡಿದ ಪುಟ್ಟ ಬಟ್ಟಲು. ಅಲ್ಲಿ ಅನ್ನಕ್ಕೆ ಕಡ್ಡಿಗಳ ಗೊಡವೆಯಿಲ್ಲ, ಚಮಚ ಮತ್ತು ಫೋರ್ಕು. ಚಮಚದ ಅಂಚಿನಿಂದ ಹಳದಿಯನ್ನು ಒಡೆದರೆ ಅದು ಹರಿದು ಖಾರದ ಕೋಳಿಯನ್ನೆಲ್ಲ ತೊಯ್ಯಿಸುತ್ತದೆ. ತಲೆಗೊಂದು ಮೊಟ್ಟೆ ಎಂದು ಲೆಕ್ಕ ಹಾಕಿಟ್ಟಿದ್ದರೆ ಈಗಲೇ ಬದಲಿಸಿ, ಎರಡೆರಡು ಬೇಕಾಗುತ್ತವೆ.