ಎರಡೇ ಎರಡು ಜನ

‘ನೀವು ಇಬ್ಬರನ್ನು ಸೇರಿಸಿ, ಸಾಕು. ಅವರು ತಲಾ ಇಬ್ಬರನ್ನು ಸೇರಿಸ್ತಾರೆ. ಆಮೇಲೆ ದುಡ್ಡು ತಾನಾಗೇ ಬರುತ್ತೆ.’ ಚೈನ್ ಬಿಸಿನೆಸ್ಸಿನ ಪ್ಲಾನ್ ತೋರಿಸುವವರು ಹಾಳೆಯ ಮೇಲೆ ನಿಮ್ಮ ಹೆಸರಿನ ಕೆಳಗೆ ಎರಡು, ನಾಲ್ಕು, ಎಂಟು ಸೊನ್ನೆ ಸುತ್ತಿ ಪೆನ್ನು ಕೆಳಗಿಡುತ್ತಾರೆ. ಮುಂದಿನ ಸಾಲುಗಳನ್ನು ನಾವೇ ಬರೆಯೋಣ.

ತಿಂಗಳಿಗೊಂದು ಸಾಲು ತುಂಬುತ್ತದೆ ಎಂದಿಟ್ಟುಕೊಳ್ಳಿ. 10ನೇ ಸಾಲಿನಲ್ಲಿ 1,024 ಮಂದಿ. ದೊಡ್ಡ ಕಲ್ಯಾಣ ಮಂಟಪಕ್ಕೆ ಹಿಡಿಸುವ ಜನ, ಆಗದ ಮಾತೇನಲ್ಲ ಅನ್ನಿಸುತ್ತದೆ. 20ನೇ ಸಾಲಿನಲ್ಲಿ 10,48,576. 23ನೇ ಸಾಲು ತುಂಬುವಾಗ ಮೇಲಿನವರೆಲ್ಲರೂ ಸೇರಿ ಒಟ್ಟು 1.68 ಕೋಟಿ, 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು 96 ಲಕ್ಷ. 25ನೇ ತಿಂಗಳಿಗೆ ಒಟ್ಟು 6.71 ಕೋಟಿ. ಅದೇ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ, ತೊಟ್ಟಿಲ ಕೂಸುಗಳೂ ಸೇರಿ, 6.11 ಕೋಟಿ. 32ನೇ ತಿಂಗಳಿಗೆ 859 ಕೋಟಿ. ಭೂಮಿಯ ಮೇಲಿನ ಮನುಷ್ಯರು 800 ಕೋಟಿ ಮುಟ್ಟಿದ್ದು 2022ರ ನವೆಂಬರಿನಲ್ಲಿ. ಮೂರು ವರ್ಷ ತುಂಬುವ ಮೊದಲೇ ಜಗತ್ತಿನಲ್ಲಿ ಸೇರಿಸಲು ಒಬ್ಬರೂ ಉಳಿದಿರುವುದಿಲ್ಲ.

‘ಅಷ್ಟು ದೂರ ಯಾಕೆ ಹೋಗ್ತೀರಿ ಸಾರ್, ನಡುವೆ ನಿಲ್ಲುತ್ತೆ’ ಅನ್ನುತ್ತಾರೆ. ಸರಿ, ನಿಲ್ಲಲಿ. ಆದರೆ ಎಲ್ಲಿ ನಿಂತರೂ ಕೊನೆಯ ಸಾಲೊಂದರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಕೆಳಗೆ ಹತ್ತು ಸಾಲು ತುಂಬಿದ ಮೇಲೇ ದೊಡ್ಡ ಕಮಿಷನ್ ಎಂದರೆ, ಆ ಜಾಗ ಸಿಗುವುದು ಸುಮಾರು 1,024ರಲ್ಲಿ ಒಬ್ಬರಿಗೆ. ಇಡೀ ಕರ್ನಾಟಕವನ್ನೇ ತುಂಬಿಸಿದ ಆ 6.71 ಕೋಟಿಯಲ್ಲೂ ಅಂಥವರು 65,535 ಮಾತ್ರ. ಕೊನೆಯ ಸಾಲಿನಲ್ಲಿ ಕೈ ಖಾಲಿ ಕೂತವರು 3,35,54,432. ಎಷ್ಟೇ ದುಡಿದರೂ ಈ ಪ್ರಮಾಣ ಬದಲಾಗದು. ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವ ‘ಡೈಮಂಡ್’ ದರ್ಜೆಯವರು ಸುಳ್ಳಲ್ಲ. ಸಭೆಯಲ್ಲಿ ಚಪ್ಪಾಳೆ ತಟ್ಟುವವರೂ ಅಷ್ಟೇ ನಿಜ.

ಹೀಗೆ ಕೆಳಗೆ ಅಗಲವಾಗುತ್ತ ಹೋಗುವ ಚೈನಿಗೆ ಪಿರಮಿಡ್ ಯೋಜನೆ ಎನ್ನುತ್ತಾರೆ. ದೇಶದಷ್ಟು ದೊಡ್ಡದಾಗಿ ಬೆಳೆದದ್ದೂ ಉಂಟು. ಅಲ್ಬೇನಿಯಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ಯೋಜನೆಗಳಿಗೆ ದುಡ್ಡು ಹಾಕಿದ್ದರು. ಅವನ್ನು ನಡೆಸುತ್ತಿದ್ದ ಕಂಪನಿಗಳು ಕೊಡಬೇಕಿದ್ದ ಬಾಕಿ ದೇಶದ ಜಿಡಿಪಿಯ ಸುಮಾರು ಅರ್ಧ. 1997ರಲ್ಲಿ ಅವು ಕುಸಿದಾಗ ಎದ್ದ ದಂಗೆಯಲ್ಲಿ ಸತ್ತವರು ಸುಮಾರು 2,000.

ನಮ್ಮಲ್ಲಿ ಸರಕು ಮಾರುವ ಡೈರೆಕ್ಟ್ ಸೆಲ್ಲಿಂಗ್‌ಗೆ ಅಡ್ಡಿಯಿಲ್ಲ. ಆದರೆ ಅದರ ಮೇಲಿನ 2021ರ ನಿಯಮಗಳು ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. ಸದಸ್ಯರನ್ನು ಸೇರಿಸಿದರೆ ಸುಲಭದ ದುಡ್ಡು ಎನ್ನುವ ‘ಹಣ ಚಲಾವಣೆ ಯೋಜನೆ’ಗಳ ಮೇಲಿನ 1978ರ ಕಾಯ್ದೆಯಲ್ಲಂತೂ ನಡೆಸಿದವರಷ್ಟೇ ಅಲ್ಲ, ಸದಸ್ಯರಾಗಿ ಸೇರಿದವರೂ ಅಪರಾಧಿಗಳೇ: ಮೂರು ವರ್ಷದವರೆಗೆ ಜೈಲು.

ಕರೆಯಲು ಬಂದವರು ಭಾವನೋ ಹಳೇ ಸಹಪಾಠಿಯೋ ಆಗಿರುತ್ತಾರೆ, ಮುಖ ಮುರಿಯುವುದು ಕಷ್ಟ. ಕಾಫಿ ಕೊಡಿ, ಒಂದೇ ಪ್ರಶ್ನೆ ಕೇಳಿ: ಚೈನಿಗೆ ಸೇರದ ಗಿರಾಕಿಗಳಿಗೆ ಸರಕು ಮಾರಿ ಹೋದ ವರ್ಷ ಎಷ್ಟು ಗಳಿಸಿದಿರಿ? ಲೆಕ್ಕ ತೋರಿಸದಿದ್ದರೆ ಸೇರಬೇಡಿ.